ನಗರ್ತಪೇಟೆಗೆ ಹೊರಡುವ ಮುಂಚೆ

ಬರಗೂರಿನ ನಮ್ಮ ಹಳೆಯ ಮನೆಯಲ್ಲಿ ದೊಡ್ಡಪ್ಪನ ಅಗ್ಗಿಷ್ಟಿಕೆ ತಣ್ಣಗಾಗಿ ಹದಿನೈದು ವರ್ಷವಾಗಿತ್ತು. ಅದನ್ನು ಮತ್ತೆ ಹೊತ್ತಿಸುತ್ತೇನೆ ಎಂದವಳು ನಮ್ಮಕ್ಕನ ಮಗಳು. ಶಿರಾದಲ್ಲಿ ಬಿ.ಕಾಂ. ಓದಿದವಳು, ಬೆಳ್ಳಿಯ ಕಾಲುಂಗುರ, ಓಲೆ, ಕಲ್ಲು ಕೂರಿಸಿದ ಉಂಗುರ ಮಾಡಿ ಮಾರಬೇಕೆಂಬ ಆಸೆ. ಸಾಮಾನು ತರಲು ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಮನೆಯವರು, ಪಕ್ಕದ ಮನೆಯವರು, ಮಡಕಶಿರಾದಿಂದ ಬಂದಿದ್ದ ನೆಂಟರು ಎಲ್ಲರೂ ಒಂದೊಂದು ಬುದ್ಧಿ ಹೇಳಿದರು. ಅವಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬಸ್ಸು ಶಿರಾ ದಾಟುವಷ್ಟರಲ್ಲಿ ಆ ಪಟ್ಟಿ ನನ್ನ ಕೈಗೆ ಬಂತು. "ಇದ್ರಲ್ಲಿ ಯಾವ್ದು ನಿಜ, ಯಾವ್ದು ಸುಳ್ಳು ಹೇಳು ಮಾವ" ಎಂದಳು.

ನಾನು ಕಸುಬು ಬಿಟ್ಟು ಮೇಷ್ಟರಾದವನು. ಆದರೆ ಹುಡುಗನಾಗಿದ್ದಾಗ ದೊಡ್ಡಪ್ಪನ ಊದುಗೊಳವೆ ಊದಿದ್ದೇನೆ, ಅವರ ಹಿಂದೆ ಕೈಚೀಲ ಹಿಡಿದು ನಗರ್ತಪೇಟೆಯ ಗಲ್ಲಿಗಳನ್ನು ಸುತ್ತಿದ್ದೇನೆ. ಆಮೇಲೂ ಆ ಪೇಟೆಯ ನಂಟು ಬಿಟ್ಟಿಲ್ಲ. ಅಲ್ಲಿ ದುಡ್ಡು ಕಳೆದುಕೊಂಡವರಲ್ಲಿ ನಾನು ಕಂಡ ಬಹುಪಾಲು ಮಂದಿ, ಕಲ್ಲನ್ನು ನೋಡದೆ ಕಲ್ಲಿನ ಹೆಸರು ಕೇಳಿ ಕೊಂಡವರು. ಕೆಡಿಎಂ, ಕ್ಯಾರೆಟ್, ಒರಿಜಿನಲ್, ಅಮೆರಿಕನ್ ಡೈಮಂಡ್ ಎಂಬ ಮಾತುಗಳೇ ಅವರಿಗೆ ಮುಳುವಾದವು. ಅವಳ ಪಟ್ಟಿಯಲ್ಲಿದ್ದ ಒಂದೊಂದನ್ನೇ ಎತ್ತಿಕೊಂಡು ನಾವು ಆ ದಿನವೆಲ್ಲ ಮಾತಾಡಿದೆವು. ಆ ಮಾತುಗಳೇ ಇಲ್ಲಿವೆ.

ತಪ್ಪು ಕಲ್ಪನೆ: "ಚಿಕ್ಕಪೇಟೇಲಿ ಇಳಿದ್ರೆ ಸಾಕು, ಎಲ್ಲಾ ಒಂದೇ ಕಡೆ ಸಿಗುತ್ತೆ."

ಇಳಿಯುವುದು ಈಗ ಸುಲಭ, ನಿಜ. ಚಿಕ್ಕಪೇಟೆಯ ನೆಲದಡಿಯ ಮೆಟ್ರೊ ನಿಲ್ದಾಣ 2017ರ ಜೂನ್‌ನಲ್ಲಿ ತೆರೆಯಿತು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದ ತನಕ ಬಂತು. ನಮ್ಮ ಕಡೆಯಿಂದ ಬಸ್ಸಿನಲ್ಲಿ ಹೋಗುವವರು ತುಮಕೂರು ರಸ್ತೆಯಲ್ಲೇ ಇಳಿದು ರೈಲು ಹತ್ತಿದರೆ ಗಾಡಿ ಬದಲಿಸದೆ ನೇರ ಚಿಕ್ಕಪೇಟೆ. ದೊಡ್ಡಪ್ಪನ ಕಾಲದಲ್ಲಿ ಮೆಜೆಸ್ಟಿಕ್ಕಿನಿಂದ ನಡೆದೇ ಹೋಗುತ್ತಿದ್ದೆವು.

ಆದರೆ ಹಳೆಯ ಪೇಟೆ ಒಂದು ಅಂಗಡಿಯಂತೆ ಕಟ್ಟಿದ್ದಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರು ಕಸುಬಿಗೊಂದು ಬೀದಿಯಾಗಿ ಬೆಳೆಯಿತು. ಆ ಬೀದಿಗಳ ಹೆಸರಿನಲ್ಲಿ ಇಂದಿಗೂ ಕಸುಬಿನ ನೆನಪಿದೆ. ಮಾಡಿದ ಒಡವೆ, ಬೆಳ್ಳಿ ಸಾಮಾನು ಬೇಕಾದರೆ ಅವೆನ್ಯೂ ರಸ್ತೆ, ಅಲ್ಲಿನ ರಾಜಾ ಮಾರ್ಕೆಟ್. ಒಡವೆ ಮಾಡುವವರ ಸಾಮಾನು ಬೇಕಾದರೆ ನಗರ್ತಪೇಟೆ ಮತ್ತು ಅದರ ಅಕ್ಕಪಕ್ಕದ ಗಲ್ಲಿಗಳು. ಅಲ್ಲಿ ನೆಲಮಹಡಿಯಲ್ಲಿ ಅಂಗಡಿ, ಕಡಿದಾದ ಮೆಟ್ಟಿಲು ಹತ್ತಿದರೆ ಕುಲುಮೆ. ಬಂಗಾಳದಿಂದ ಬಂದ ಎಷ್ಟೋ ಹುಡುಗರು ಆ ಸಣ್ಣ ಕೋಣೆಗಳಲ್ಲಿ ತಲೆ ತಗ್ಗಿಸಿ ಕೂತು ಕಲ್ಲು ಕೂರಿಸುತ್ತಿರುತ್ತಾರೆ. ಮಣಿ, ದಾರ, ಕೊಂಡಿ, ಇಮಿಟೇಷನ್ ಸಾಮಾನಿಗೆ ಮಾಮೂಲುಪೇಟೆ. ಸಣ್ಣ ಮೋಟರು, ವೈರು, ಸ್ವಿಚ್ಚಿಗೆ ಎಸ್.ಪಿ. ರೋಡು. ಒಂದರಲ್ಲಿ ಕೇಳಬೇಕಾದ್ದನ್ನು ಇನ್ನೊಂದರಲ್ಲಿ ಕೇಳಿದರೆ ಸಿಗುವುದೇ ಇಲ್ಲ ಎಂದಲ್ಲ, ನಾಲ್ಕು ಕೈ ದಾಟಿ ಬಂದ ಬೆಲೆಗೆ ಸಿಗುತ್ತದೆ. ಭಾನುವಾರ ಹೋಗಬೇಡಿ, ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಕಾದೀತು.

ನಗರ್ತಪೇಟೆಯಲ್ಲಿ ಕಾಳಿಕಾಂಬ ಕಮಠೇಶ್ವರ ದೇವಸ್ಥಾನವಿದೆ, ವಿಶ್ವಕರ್ಮರ ಹಳೆಯ ದೇವಸ್ಥಾನ. ದೊಡ್ಡಪ್ಪ ಅಲ್ಲಿ ಕೈಮುಗಿಯದೆ ಒಂದು ಅರವನ್ನೂ ಕೊಂಡವರಲ್ಲ. ನಾವೂ ಅಲ್ಲಿಂದಲೇ ಶುರುಮಾಡಿದೆವು.

ತಪ್ಪು ಕಲ್ಪನೆ: "ಪೆಟ್ಟಿಗೆ ಸಮೇತ ಸೆಟ್ಟು ತಗೊ, ಬಿಡಿಬಿಡಿ ತಗೊಂಡ್ರೆ ದುಬಾರಿ."

ಇಪ್ಪತ್ತು ಮೂವತ್ತು ಸಾಮಾನಿರುವ ಪೆಟ್ಟಿಗೆ ನೋಡಲು ಚೆಂದ. ಕಲಿಯುವವರ ಕೈಗೆ ಅದರಲ್ಲಿ ಆರೇಳು ಮಾತ್ರ ಹತ್ತುತ್ತವೆ, ಆ ಆರೇಳೇ ಅದರಲ್ಲಿ ಕಳಪೆಯಾಗಿರುತ್ತವೆ. ಗರಗಸದ ಚೌಕಟ್ಟು, ಅದರ ಅಲಗುಗಳು, ಎರಡು ಅರ, ಚಪ್ಪಟೆ ಮೂತಿಯದೊಂದು ದುಂಡು ಮೂತಿಯದೊಂದು ಇಕ್ಕಳ, ಚಿಮಟ, ಸಣ್ಣ ಸುತ್ತಿಗೆ, ಮೂಸೆ, ಬಿಳಿಗಾರ, ಬೆಂಕಿಗೆ ಊದುಗೊಳವೆ ಇಲ್ಲವೆ ಗ್ಯಾಸ್ ಟಾರ್ಚು. ಬೆಳ್ಳಿ ಕೆಲಸ ಶುರುಮಾಡಲು ಇಷ್ಟು ಸಾಕು. ದುಡ್ಡನ್ನು ಅರಕ್ಕೂ ಇಕ್ಕಳಕ್ಕೂ ಹಾಕಿ. ಇಕ್ಕಳ ಕೊಳ್ಳುವಾಗ ಮೂತಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಎರಡು ದವಡೆಯ ನಡುವೆ ಬೆಳಕು ಒಂದೇ ಸಮ ಕಾಣದಿದ್ದರೆ ಅದು ತಂತಿಯನ್ನು ಕಚ್ಚಿ ಗಾಯ ಮಾಡುತ್ತದೆ.

ಗರಗಸದ ಅಲಗಿನ ಮೇಲಿನ ನಂಬರು ಹೊಸಬರನ್ನು ಬಹಳ ಗಲಿಬಿಲಿ ಮಾಡುತ್ತದೆ. ಸೊನ್ನೆ ಹೆಚ್ಚಿದಷ್ಟೂ ಅಲಗು ಸಣ್ಣ: 2/0 ಅಂದರೆ ಎರಡು ಸೊನ್ನೆ, 6/0 ಅದಕ್ಕಿಂತ ಸಣ್ಣದು, 8/0 ಕೂದಲಿನಂಥದ್ದು. ಕಲಿಯುವ ಕೈಗೆ ಸಣ್ಣ ಅಲಗು ಕೊಟ್ಟರೆ ಒಂದು ಗಂಟೆಯಲ್ಲಿ ಡಜನ್ ಮುರಿಯುತ್ತದೆ. ಚೌಕಟ್ಟಿಗೆ ಹಾಕುವಾಗ ಹಲ್ಲು ಹಿಡಿಯ ಕಡೆಗೆ ಮುಖ ಮಾಡಿರಬೇಕು, ಕೆಳಕ್ಕೆ ಎಳೆದಾಗ ಕೊಯ್ಯಬೇಕು. ಸ್ವಿಸ್ ಅರಗಳಿಗೂ ನಂಬರಿದೆ; ಅಲ್ಲಿ ಸಂಖ್ಯೆ ಹೆಚ್ಚಿದಷ್ಟೂ ನಯ.

ಇನ್ನೊಂದು ಮಾತು ಅವಳ ಪಟ್ಟಿಯಲ್ಲಿರಲಿಲ್ಲ, ನಾನೇ ಬರೆಸಿದೆ. ಸೀಸ ಬೆರೆತ ಬೆಸುಗೆಗೆ ಉಜ್ಜಿದ ಅರವನ್ನು ಬೆಳ್ಳಿ ಬಂಗಾರಕ್ಕೆ ಮುಟ್ಟಿಸಬಾರದು. ಅರದ ಹಲ್ಲಿನಲ್ಲಿ ಉಳಿದ ಸೀಸದ ಚೂರು ಒಡವೆಗೆ ಅಂಟಿ, ಬೆಂಕಿ ತೋರಿಸಿದಾಗ ಹುಳು ಕೊರೆದಂತೆ ತೂತು ಮಾಡುತ್ತದೆ. ನಮ್ಮ ಮನೆಯಲ್ಲಿ ಸೀಸದ ಅರಕ್ಕೆ ಕೆಂಪು ದಾರ ಕಟ್ಟಿರುತ್ತಿತ್ತು.

ತಪ್ಪು ಕಲ್ಪನೆ: "ಭೂತಕನ್ನಡಿ ಮೂವತ್ತು ಪಟ್ಟಿಂದು ತಗೊ, ಹತ್ತು ಪಟ್ಟಿಂದು ಏನೂ ಕಾಣಲ್ಲ."

ವಜ್ರದ ದರ್ಜೆ ಕಟ್ಟುವುದೇ ಹತ್ತು ಪಟ್ಟಿನ ಭೂತಕನ್ನಡಿಯಲ್ಲಿ. ಲೋಕವೆಲ್ಲ ಒಪ್ಪಿದ ಅಳತೆ ಅದು. ಹತ್ತು ಪಟ್ಟು ದೊಡ್ಡದು ಮಾಡುವ ಕನ್ನಡಿಯಲ್ಲಿ ವಸ್ತು ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಸ್ಪಷ್ಟ ಕಾಣುತ್ತದೆ. ಮೂವತ್ತು ಪಟ್ಟು ಎಂದು ಬರೆದ ಕನ್ನಡಿಯಲ್ಲೂ ಅಷ್ಟೇ ದೂರದಲ್ಲಿ ಸ್ಪಷ್ಟ ಕಂಡರೆ ಆ ಬರಹ ಸುಳ್ಳು. ಮೂರು ಗಾಜು ಸೇರಿಸಿ ಮಾಡಿದ, ಅಂಚಿನಲ್ಲಿ ಬಣ್ಣ ಒಡೆಯದ ಕನ್ನಡಿ ಕೊಳ್ಳಿ. ಗೆರೆ ಹಾಕಿದ ಕಾಗದವನ್ನು ಅದರಡಿ ಹಿಡಿದರೆ ಗೆರೆ ತುದಿಯಲ್ಲೂ ಬಾಗಬಾರದು.

ತಕ್ಕಡಿಯದೂ ಇದೇ ಕತೆ. 0.01 ಗ್ರಾಂ ತೋರಿಸುವ ಜೇಬಿನ ತಕ್ಕಡಿ ಬೆಳ್ಳಿಗೆ ಸಾಕು. ಕಲ್ಲಿಗೆ ಸಾಲದು: ಆ ಕೊನೆಯ ಅಂಕಿ ಒಂದು ಮೇಲೆ ಕೆಳಗಾದರೆ ಕಲ್ಲಿನ ಲೆಕ್ಕದಲ್ಲಿ 0.05 ಕ್ಯಾರೆಟ್ ಹೋಯಿತು. ಕಲ್ಲು ಮಾರುವವರಿಗೆ ಒಂದು ಮಿಲಿಗ್ರಾಂ ತೋರಿಸುವ ತಕ್ಕಡಿಯೇ ಬೇಕು. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲೇಬೇಕು.

ತಪ್ಪು ಕಲ್ಪನೆ: "916 ಕೆಡಿಎಂ ಅಂದ್ರೆ ಅಪ್ಪಟ. ಬೆಸುಗೆಗೂ ಕೆಡಿಎಂ ಪುಡೀನೇ ತಗೊ."

ಇದೊಂದು ಮಾತನ್ನು ನಾನು ಸುಮ್ಮನೆ ಬಿಡಲಾರೆ. ಊರೂರಿನ ಒಡವೆ ಅಂಗಡಿಯ ಬೋರ್ಡಿನಲ್ಲಿ ಈ ಎರಡು ಹೆಸರು ಗಂಡಹೆಂಡಿರಂತೆ ಜೊತೆಯಾಗಿ ಕೂತಿವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. 916 ಎಂಬುದು ಶುದ್ಧತೆಯ ಲೆಕ್ಕ. ಇಪ್ಪತ್ನಾಲ್ಕರಲ್ಲಿ ಇಪ್ಪತ್ತೆರಡು ಪಾಲು ಚಿನ್ನವೆಂದರೆ ಸಾವಿರಕ್ಕೆ 916ಕ್ಕೂ ಮಿಕ್ಕಿ. ಕೆಡಿಎಂ ಎಂಬುದು ಬೆಸುಗೆಯ ಹೆಸರು, ಕ್ಯಾಡ್ಮಿಯಂ ಎಂಬ ಲೋಹದ ಹೆಸರನ್ನು ಪೇಟೆಯ ಬಾಯಿ ಮೊಟಕು ಮಾಡಿದ್ದು.

ಅದು ಬಂದದ್ದಕ್ಕೆ ಕಾರಣವಿತ್ತು. ಹಿಂದೆ ಬೆಸುಗೆಗೆ ಚಿನ್ನದ ಜೊತೆ ತಾಮ್ರ, ಬೆಳ್ಳಿ ಸೇರಿಸುತ್ತಿದ್ದರು. ಬೆಸುಗೆ ಒಡವೆಗಿಂತ ಬೇಗ ಕರಗಬೇಕಲ್ಲ, ಅದಕ್ಕೆ ಬೆರಕೆ ಹೆಚ್ಚು ಬೇಕು. ಕೊಂಡಿ, ಗುಂಡು ಹೆಚ್ಚಿದ್ದ ಒಡವೆಯನ್ನು ಕರಗಿಸಿದಾಗ ಆ ಬೆರಕೆಯೆಲ್ಲ ಸೇರಿ ಚಿನ್ನದ ದರ್ಜೆ ಇಳಿಯುತ್ತಿತ್ತು. ಕ್ಯಾಡ್ಮಿಯಂ 321 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ; ಚಿನ್ನಕ್ಕೆ 1064 ಡಿಗ್ರಿ ಬೇಕು. ಹಾಗಾಗಿ ನೂರಕ್ಕೆ ಎಂಟರಷ್ಟು ಕ್ಯಾಡ್ಮಿಯಂ ಬೆರೆಸಿದರೂ ಸಾಕಾಯಿತು, ಒಡವೆಯ ದರ್ಜೆ ಉಳಿಯಿತು. "ಕೆಡಿಎಂ ಒಡವೆ ಕರಗಿಸಿದರೂ ಕಡಿಮೆಯಾಗಲ್ಲ" ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಆದರೆ ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತದೆ. ಬೆಸುಗೆ ಹಾಕುವ ಬೆಂಕಿಯಲ್ಲಿ ಅದು ಹೊಗೆಯಾಗಿ ಮೇಲೇಳುತ್ತದೆ, ಊದುವವನ ಮುಖಕ್ಕೆ ಬರುತ್ತದೆ. ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ತಿನ್ನುತ್ತದೆ. ಕ್ಯಾನ್ಸರ್ ತರುವ ವಸ್ತುವೆಂದು ಸಾಬೀತಾಗಿದೆ. ಒಡವೆ ಹಾಕಿಕೊಳ್ಳುವವರಿಗೆ ಅದು ಕಾಣುವುದಿಲ್ಲ, ಮಾಡುವವನ ಮೈಗೆ ಹೋಗುತ್ತದೆ. ಹಾಲ್‌ಮಾರ್ಕ್ ನಿಯಮದಲ್ಲಿ ಕ್ಯಾಡ್ಮಿಯಂಗೆ ಜಾಗವಿಲ್ಲ. ಈಗ ಸತು, ಇಂಡಿಯಂ ಬೆರೆಸಿದ ಬೆಸುಗೆಗಳಿವೆ. ನಮ್ಮ ದೊಡ್ಡಪ್ಪ ಬೆಸುಗೆ ಹಾಕುತ್ತಿದ್ದ ಕೋಣೆಗೆ ಒಂದೇ ಕಿಟಕಿ. ದೀಪ ಆರುತ್ತದೆಂದು ಅದನ್ನೂ ಮುಚ್ಚುತ್ತಿದ್ದರು. ಅಕ್ಕನ ಮಗಳಿಗೆ ನಾನು ಹೇಳಿದೆ: ಬೆಳ್ಳಿಯ ಬೆಸುಗೆಯಲ್ಲೂ ಕ್ಯಾಡ್ಮಿಯಂ ಇರುವುದುಂಟು, "ಕ್ಯಾಡ್ಮಿಯಂ ಇಲ್ಲದ್ದು ಕೊಡಿ" ಎಂದು ಬಾಯಿಬಿಟ್ಟು ಕೇಳು, ಇಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗು. ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಊರಿಗೆ ಬಂದ ಮಾರನೆಯ ದಿನವೇ ಆ ಕೋಣೆಗೆ ಎದುರುಬದುರಾಗಿ ಇನ್ನೊಂದು ಕಿಟಕಿ ಒಡೆಸಿದೆವು.

ತಪ್ಪು ಕಲ್ಪನೆ: "ಹಾಲ್‌ಮಾರ್ಕ್ ಇದ್ರೆ ಕಲ್ಲೂ ಅಸಲಿ."

ಹಾಲ್‌ಮಾರ್ಕ್ ಲೋಹದ ಮಾತು, ಕಲ್ಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಚಿನ್ನದ ಒಡವೆಯ ಮೇಲೆ ಬಿಐಎಸ್ ಗುರುತು, 22ಕೆ916ರಂಥ ದರ್ಜೆ, ಆರು ಅಕ್ಷರ-ಅಂಕಿಗಳ ಹೆಚ್‌ಯುಐಡಿ ಸಂಖ್ಯೆ ಇರಬೇಕು; 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಕಡೆ ಈ ಸಂಖ್ಯೆಯಿಲ್ಲದೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ಒಡವೆಯ ವಿವರ ಬರುತ್ತದೆ, ಅಂಗಡಿಯಲ್ಲಿ ನಿಂತೇ ನೋಡಬಹುದು. ಬೆಳ್ಳಿಗೂ 2025ರ ಸೆಪ್ಟೆಂಬರ್‌ನಿಂದ ಹೆಚ್‌ಯುಐಡಿ ಬಂದಿದೆ, ಕಡ್ಡಾಯವಿಲ್ಲದೆ. ಕಲ್ಲಿನ ಒಡವೆ ಕೊಳ್ಳುವವರು ಬಿಲ್ಲಿನಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ಚಿನ್ನದ ತೂಕ ಮೂರನ್ನೂ ಬೇರೆಬೇರೆ ಬರೆಸಿಕೊಳ್ಳಿ. ಕಲ್ಲನ್ನು ಚಿನ್ನದ ಬೆಲೆಗೆ ತೂಗಿಸಿಕೊಂಡವರು ಮಾರುವ ದಿನ ಅಳುವುದನ್ನು ನೋಡಿದ್ದೇನೆ. ಒಳಗೆ ಅರಗು ತುಂಬಿದ ಗುಂಡಿನ ಸರಕ್ಕೂ ಈ ಮಾತು ಸಲ್ಲುತ್ತದೆ.

ತಪ್ಪು ಕಲ್ಪನೆ: "ಕ್ಯಾರೆಟ್ ಜಾಸ್ತಿ ಇದ್ರೆ ಚೊಕ್ಕ, ಕಲ್ಲಾದ್ರೂ ಅಷ್ಟೆ, ಚಿನ್ನ ಆದ್ರೂ ಅಷ್ಟೆ."

ಕನ್ನಡದಲ್ಲಿ ಎರಡಕ್ಕೂ ಒಂದೇ ಕಾಗುಣಿತವಾದ್ದರಿಂದ ಹುಟ್ಟಿದ ಗೊಂದಲ. ಚಿನ್ನದ ಕ್ಯಾರೆಟ್ ಶುದ್ಧತೆ, 24ರಲ್ಲಿ ಎಷ್ಟು ಪಾಲು ಎಂಬುದು. ಕಲ್ಲಿನ ಕ್ಯಾರೆಟ್ ಬರೀ ತೂಕ: 200 ಮಿಲಿಗ್ರಾಂ, ಅಂದರೆ ಐದು ಕ್ಯಾರೆಟ್‌ಗೆ ಒಂದು ಗ್ರಾಂ. ಎರಡು ಕ್ಯಾರೆಟ್‌ನ ಬಿರುಕು ಬಿಟ್ಟ ಪಚ್ಚೆಗಿಂತ ಅರ್ಧ ಕ್ಯಾರೆಟ್‌ನ ತಿಳಿಯಾದ ಪಚ್ಚೆ ಎಷ್ಟೋ ಬೆಲೆ ಬಾಳಬಹುದು.

ಜಾತಕ ತೋರಿಸಿ ಉಂಗುರಕ್ಕೆ ಕಲ್ಲು ಕೊಳ್ಳುವವರು ರತ್ತಿಯ ಲೆಕ್ಕ ಹೇಳುತ್ತಾರೆ. ರತ್ತಿ ಎಂದರೆ ನಮ್ಮ ಗುಲಗಂಜಿ. 96 ರತ್ತಿಗೆ ಒಂದು ತೊಲ, ತೊಲಕ್ಕೆ 11.66 ಗ್ರಾಂ, ಹಾಗೆ ನೋಡಿದರೆ ಒಂದು ರತ್ತಿ ಸುಮಾರು 0.12 ಗ್ರಾಂ. ಕಲ್ಲಿನ ಅಂಗಡಿಗಳಲ್ಲಿ ರತ್ತಿಯೆಂದರೆ ಅದಕ್ಕಿಂತ ಭಾರದ, ಒಂದು ಕ್ಯಾರೆಟ್‌ಗೆ ಹತ್ತಿರದ ಇನ್ನೊಂದು ಅಳತೆಯೂ ಓಡಾಡುತ್ತದೆ. ಐದು ರತ್ತಿ ಎಂದು ಹೇಳಿಸಿಕೊಂಡು ಮೂರು ಕ್ಯಾರೆಟ್ ತಂದವರಿದ್ದಾರೆ. ಶಾಸ್ತ್ರ ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ತೂಕವನ್ನು ಗ್ರಾಂನಲ್ಲೋ ಕ್ಯಾರೆಟ್‌ನಲ್ಲೋ ಕೇಳಿ.

ತಪ್ಪು ಕಲ್ಪನೆ: "ಸಿಂಥೆಟಿಕ್ ಕೆಂಪು ಅಂದ್ರೆ ಬಣ್ಣದ ಗಾಜು. ಅಸಲಿ ಆದ್ರೆ ಬೆಂಕಿಗೂ ಬೆದರಲ್ಲ."

ಎರಡೂ ತಪ್ಪು, ಎರಡನೆಯದು ಕಸುಬಿನವರಿಗೆ ಅಪಾಯ. ಮಾಣಿಕ್ಯ, ನೀಲ, ಪುಷ್ಯರಾಗ ಮೂರೂ ಒಂದೇ ಖನಿಜ, ಕುರುಂದ. ಹಳೇ ಮೈಸೂರು ಸೀಮೆಯ ನೆಲದಲ್ಲೂ ಕುರುಂದ ಸಿಗುತ್ತಿತ್ತು. ಅದರ ಬಹುಪಾಲು ಮಂಕು ಕಲ್ಲು, ಸಾಣೆಗೆ ಹೋಗುತ್ತಿತ್ತು. ಆ ಖನಿಜಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಕೂಡ ನಮ್ಮ ದಕ್ಷಿಣದ ಈ ಮಾತಿನಿಂದಲೇ ಹೋದದ್ದು. ಗಡಸುತನದಲ್ಲಿ ವಜ್ರಕ್ಕೆ ಹತ್ತಾದರೆ ಕುರುಂದಕ್ಕೆ ಒಂಬತ್ತು.

ಫ್ರಾನ್ಸಿನ ಆಗಸ್ಟ್ ವರ್ನೇಯ್ ಎಂಬ ವಿಜ್ಞಾನಿ ಅಲ್ಯುಮಿನಿಯಂ ಆಕ್ಸೈಡಿನ ಪುಡಿಯನ್ನು ಉರಿಯೊಳಗಿಂದ ಉದುರಿಸಿ ಮಾಣಿಕ್ಯವನ್ನೇ ಬೆಳೆಸುವ ವಿಧಾನವನ್ನು 1902ರಲ್ಲಿ ಹೊರಗಿಟ್ಟ. ಹಾಗೆ ಬೆಳೆದದ್ದು ಗಾಜಲ್ಲ. ಅದೇ ಖನಿಜ, ಅದೇ ಗಡಸು. ನೆಲದಲ್ಲಿ ಹುಟ್ಟಿಲ್ಲ, ಅಷ್ಟೆ. ಕೈಗಡಿಯಾರದೊಳಗೆ ಚಕ್ರ ತಿರುಗುವ ಕೆಂಪು ಕಲ್ಲು ಅದೇ. ನಮ್ಮ ಅಜ್ಜಿಯರ ಕೆಂಪಿನ ಓಲೆ, ಬೆಂಡೋಲೆಗಳಲ್ಲೂ ಎಷ್ಟೋ ಇಂಥ ಕಲ್ಲುಗಳಿವೆ. ಹಿಂಬದಿ ಮುಚ್ಚಿ, ಒಳಗೆ ಮಿನುಗುವ ರೇಕು ಹಾಕಿ ಕೂರಿಸಿದ್ದರಿಂದ ದೀಪದ ಬೆಳಕಿನಲ್ಲಿ ಕೆಂಡದಂತೆ ಕಾಣುತ್ತಿದ್ದವು. ಅಜ್ಜಿಯ ಓಲೆಯ ಕಲ್ಲು ಸಿಂಥೆಟಿಕ್ ಎಂದು ತಿಳಿದು ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ನೆಲದ ಮಾಣಿಕ್ಯದ ಬೆಲೆ ಕೊಟ್ಟು ಅದನ್ನು ಕೊಂಡರೆ ಮಾತ್ರ ಮೋಸ. ಭೂತಕನ್ನಡಿಯಲ್ಲಿ ನೋಡಿದರೆ ಉರಿಯಲ್ಲಿ ಬೆಳೆದ ಕಲ್ಲಿನೊಳಗೆ ಬಿಲ್ಲಿನಂತೆ ಬಾಗಿದ ಗೆರೆಗಳೂ ಗುಂಡು ಗುಳ್ಳೆಗಳೂ ಕಾಣಬಹುದು. ನೆಲದ ಕಲ್ಲಿನಲ್ಲಿ ಗೆರೆ ನೇರ, ಕೆಲವೊಮ್ಮೆ ರೇಷ್ಮೆ ಎಳೆಯಂಥ ಸೂಜಿಗಳು.

ನಾನು ಹೆದರುವುದು ಮೂರನೆಯ ಬಗೆಗೆ. ಬಿರುಕು ತುಂಬಿದ, ಬೆಲೆಯಿಲ್ಲದ ನೆಲದ ಮಾಣಿಕ್ಯವನ್ನು ತಂದು, ಬಿರುಕುಗಳೊಳಗೆ ಸೀಸದ ಗಾಜು ಕರಗಿಸಿ ತುಂಬುತ್ತಾರೆ. ಈ ಶತಮಾನದ ಮೊದಲ ದಶಕದಿಂದ ಇದು ಪೇಟೆಗೆ ಹೇರಳವಾಗಿ ಬಂದಿದೆ. ಮಾರುವವನು "ನ್ಯಾಚುರಲ್" ಎನ್ನುತ್ತಾನೆ, ಅರ್ಧ ಸತ್ಯ. ಕಲ್ಲನ್ನು ಓರೆಯಾಗಿ ತಿರುಗಿಸಿದರೆ ಒಳಗೆ ನೀಲಿ ಮಿಂಚು ಹೊಳೆದು ಮಾಯವಾಗುತ್ತದೆ, ಚಪ್ಪಟೆ ಗುಳ್ಳೆ ಕಾಣುತ್ತದೆ. ಇಂಥ ಕಲ್ಲು ಕೂತಿರುವ ಉಂಗುರಕ್ಕೆ ಬೆಸುಗೆಯ ಉರಿ ತೋರಿಸಿದರೆ ಗಾಜು ಉಕ್ಕಿ ಹೊರಬರುತ್ತದೆ. ಒಡವೆ ತೊಳೆಯುವ ಆಸಿಡ್ ಇರಲಿ, ನಿಂಬೆರಸವೂ ಅದನ್ನು ತಿನ್ನುತ್ತದೆ. ಗಿರಾಕಿ "ಆಚಾರ್ರೇ, ನನ್ನ ಕಲ್ಲು ಕೆಡಿಸಿಬಿಟ್ರಿ" ಎಂದಾಗ ಉತ್ತರ ಹೇಳಬೇಕಾದವನು ಉಂಗುರ ರಿಪೇರಿ ಮಾಡಿದ ಬಡ ಅಕ್ಕಸಾಲಿಗ. ಆದ್ದರಿಂದ ಬೆಂಕಿಗೆ ಮುಂಚೆ ಕಲ್ಲು ಬಿಚ್ಚುವುದು, ಬಿಚ್ಚುವ ಮುಂಚೆ ಭೂತಕನ್ನಡಿಯಲ್ಲಿ ನೋಡಿ ಗಿರಾಕಿಗೂ ತೋರಿಸುವುದು. ಪಚ್ಚೆಯ ಬಿರುಕಿಗೆ ಎಣ್ಣೆ ತುಂಬುವುದು ಬಹಳ ಹಳೆಯ ರೂಢಿ. ಅದಕ್ಕೂ ಬಿಸಿ ಆಗದು, ಅಲೆ ಎಬ್ಬಿಸಿ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರವೂ ಆಗದು.

ಕಲ್ಲು ಆರಿಸುವಾಗ ಅಂಗಡಿಯ ಹಳದಿ ದೀಪದಡಿ ಆರಿಸಬೇಡಿ, ಆ ಬೆಳಕಿನಲ್ಲಿ ಎಲ್ಲ ಕೆಂಪೂ ಚೆಂದ. ಬಿಳಿ ಹಾಳೆಯ ಮೇಲಿಟ್ಟು ಬಾಗಿಲ ಹತ್ತಿರದ ಹಗಲು ಬೆಳಕಿಗೆ ತನ್ನಿ. ಒಳ್ಳೆಯ ವ್ಯಾಪಾರಿ ತಾನೇ ಎದ್ದು ಬಾಗಿಲ ತನಕ ಬರುತ್ತಾನೆ.

ತಪ್ಪು ಕಲ್ಪನೆ: "ಅಮೆರಿಕನ್ ಡೈಮಂಡ್ ಅಮೆರಿಕದ ವಜ್ರ, ಜರ್ಮನ್ ಸಿಲ್ವರ್ ಜರ್ಮನಿಯ ಬೆಳ್ಳಿ."

ಮೊದಲನೆಯದು ವಜ್ರವಲ್ಲ, ಕ್ಯೂಬಿಕ್ ಜಿರ್ಕೋನಿಯ. 1970ರ ದಶಕದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುವ ದಾರಿ ತೋರಿಸಿದವರು ಸೋವಿಯತ್ ವಿಜ್ಞಾನಿಗಳು. ಅಷ್ಟೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ. ಬಿಡಿ ಕಲ್ಲಾದರೆ ತಕ್ಕಡಿಯೇ ಸಾಕ್ಷಿ ಹೇಳುತ್ತದೆ. ಎರಡನೆಯದರಲ್ಲಿ ಬೆಳ್ಳಿಯ ಕಣವೂ ಇಲ್ಲ: ತಾಮ್ರ, ನಿಕ್ಕಲ್, ಸತು. ಪೂಜೆ ಸಾಮಾನಿಗೆ ಚೆನ್ನಾಗಿದೆ, ಬೆಲೆ ಗೊತ್ತಿದ್ದು ಕೊಳ್ಳಿ. ಕಿವಿಗೆ ಹಾಕುವ ಓಲೆಗೆ ಬಳಸಬೇಡಿ, ನಿಕ್ಕಲ್ ಎಷ್ಟೋ ಜನರ ಚರ್ಮಕ್ಕೆ ಆಗುವುದಿಲ್ಲ.

ಸಾಮಾನಿನ ಅಂಗಡಿಯಲ್ಲಿ ಪೆನ್ನಿನಂಥ ವಜ್ರ ಪರೀಕ್ಷಕ ಸಿಗುತ್ತದೆ. ಕಲ್ಲು ಎಷ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ ಎಂದು ಅದು ನೋಡುತ್ತದೆ. ಗಾಜು, ಜಿರ್ಕೋನಿಯ ಸಿಕ್ಕಿಬೀಳುತ್ತವೆ. ಮಾಯ್ಸನೈಟ್ ಎಂಬ ಕಲ್ಲು ವಜ್ರವೆಂದೇ ದಾಟಿಹೋಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆದ ವಜ್ರವಂತೂ ವಜ್ರವೇ, ಇಂಗಾಲವೇ. ಅದನ್ನು ನೆಲದ ವಜ್ರದಿಂದ ಬೇರೆ ಮಾಡುವುದು ಪೆನ್ನಿನ ಕೈಲೂ ಭೂತಕನ್ನಡಿಯ ಕೈಲೂ ಆಗದ ಕೆಲಸ, ಪ್ರಯೋಗಾಲಯಕ್ಕೇ ಕಳಿಸಬೇಕು. ಸರ್ಟಿಫಿಕೇಟಿನ ಸಂಖ್ಯೆಯನ್ನು ಎಷ್ಟೋ ಸಲ ವಜ್ರದ ಸೊಂಟದ ಮೇಲೆ ಲೇಸರ್‌ನಲ್ಲಿ ಕೆತ್ತಿರುತ್ತಾರೆ, ಎರಡೂ ತಾಳೆಯಾಗಬೇಕು.

ತಪ್ಪು ಕಲ್ಪನೆ: "ವಜ್ರ ಸುತ್ತಿಗೇಲಿ ಹೊಡೆದ್ರೂ ಒಡೆಯಲ್ಲ."

ಒಡೆಯುತ್ತದೆ. ಗೀರು ಬೀಳದಿರುವುದು ಬೇರೆ, ಪೆಟ್ಟು ತಡೆಯುವುದು ಬೇರೆ. ವಜ್ರಕ್ಕೆ ಸೀಳುವ ನಾಲ್ಕು ದಿಕ್ಕುಗಳಿವೆ. ಆ ದಿಕ್ಕಿಗೆ ಪೆಟ್ಟು ಬಿದ್ದರೆ ಸೌದೆಯಂತೆ ಸೀಳುತ್ತದೆ. ಈ ಪರೀಕ್ಷೆಗೆ ಅಸಲಿ ವಜ್ರವನ್ನೇ ಬಲಿ ಕೊಟ್ಟವರು ಇದ್ದಾರೆ.

ತಪ್ಪು ಕಲ್ಪನೆ: "ಮುತ್ತನ್ನ ಹಲ್ಲಿಗೆ ಉಜ್ಜಿದ್ರೆ ಗೊತ್ತಾಗುತ್ತೆ. ಹೊಳಪು ಹೋದ್ರೆ ಹುಣಿಸೆಹಣ್ಣಲ್ಲಿ ತೊಳಿ."

ಹಲ್ಲಿಗೆ ಮರಳಿನಂತೆ ತಾಗಿದರೆ ಗಾಜಿನ ಮಣಿಯಲ್ಲ ಎಂದಷ್ಟೇ ತಿಳಿಯುತ್ತದೆ. ತಾನಾಗಿ ಹುಟ್ಟಿದ್ದೋ ಸಾಕಿ ಬೆಳೆಸಿದ್ದೋ ಎಂದು ಹಲ್ಲು ಹೇಳಲಾರದು; ಎರಡೂ ಹಾಗೇ ತಾಗುತ್ತವೆ, ಎಕ್ಸ್‌ರೇ ಬೇಕು. ಹೈದರಾಬಾದ್ ಮುತ್ತು ಎಂದರೆ ಹೈದರಾಬಾದಿನಲ್ಲಿ ತೂತು ಕೊರೆದು ಪೋಣಿಸಿ ಮಾರಿದ್ದು. ಅದರಲ್ಲಿ ಹೆಚ್ಚಿನದು ಚೀನಾದ ಸಿಹಿನೀರಿನಲ್ಲಿ ಸಾಕಿದ ಮುತ್ತು. ಇನ್ನು ಹುಣಿಸೆ. ಶಿರಾ, ಪಾವಗಡದ ಕಡೆ ಹುಣಿಸೆಗೇನು ಕೊರತೆ, ತಾಮ್ರ ಹಿತ್ತಾಳೆಗೆಲ್ಲ ಅದೇ ಮದ್ದು. ಆದರೆ ಮುತ್ತೂ ಹವಳವೂ ಮೂಲದಲ್ಲಿ ಸುಣ್ಣದ ಜಾತಿ, ಹುಳಿ ತಾಗಿದರೆ ಕರಗುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ತಪ್ಪು ಕಲ್ಪನೆ: "ಒರೆಗಲ್ಲು ಈಗ ಯಾರಿಗೆ ಬೇಕು? ಮಿಷನ್ನಿಗೆ ಕೊಟ್ರೆ ಮುಗೀತು."

ಅಂಗಡಿಯ ಎಕ್ಸ್‌ರೇ ಯಂತ್ರ ಒಡವೆಯ ಮೇಲ್ಮೈಯನ್ನಷ್ಟೇ ಓದುತ್ತದೆ. ದಪ್ಪಗೆ ಚಿನ್ನದ ನೀರು ಕುಡಿಸಿದ್ದರೆ ತಪ್ಪು ಹೇಳಬಲ್ಲದು. ಒರೆಗಲ್ಲಿನ ಗೆರೆಗೆ ನೈಟ್ರಿಕ್ ಆಸಿಡ್ ಹನಿ ಬಿಟ್ಟರೆ ಹಿತ್ತಾಳೆ ಅಳಿಸಿಹೋಗುತ್ತದೆ, ಚಿನ್ನ ಉಳಿಯುತ್ತದೆ. ಪಳಗಿದ ಕಣ್ಣು ಗೆರೆಯ ಬಣ್ಣದಲ್ಲೇ ದರ್ಜೆಯನ್ನು ಹತ್ತಿರ ಹತ್ತಿರ ಹೇಳುತ್ತದೆ, ತೀರಾ ಸೂಕ್ಷ್ಮ ವ್ಯತ್ಯಾಸ ಹೇಳದು. ಚೂರು ಕರಗಿಸಿ ನೋಡುವ ಪುಟದ ಪರೀಕ್ಷೆಯೇ ಕೊನೆಯ ಮಾತು.

ತಪ್ಪು ಕಲ್ಪನೆ: "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ."

ಈ ಗಾದೆಯನ್ನು ಅವಳ ನೋಟ್‌ಬುಕ್ಕಿನಲ್ಲಿ ಬರೆಸಿದವರು ನಮ್ಮ ಮನೆಯ ಕುಲವೇ ಅದೆಂದು ಮರೆತಿದ್ದರು. ಚಿಕ್ಕಂದಿನಿಂದ ಈ ಮಾತು ಕೇಳಿದ್ದೇನೆ, ಕೇಳಿದಾಗಲೆಲ್ಲ ದೊಡ್ಡಪ್ಪ ತಲೆ ತಗ್ಗಿಸಿ ಅರ ಹಾಕುತ್ತಿದ್ದರು. ಹತ್ತು ಗ್ರಾಂ ಕೊಟ್ಟರೆ ಹತ್ತು ಗ್ರಾಂ ಒಡವೆ ಬರುವುದಿಲ್ಲ. ಕೊಯ್ದಾಗ ಪುಡಿ, ಅರ ಹಾಕಿದಾಗ ಪುಡಿ, ಮೆರುಗು ಕೊಟ್ಟಾಗ ಬಟ್ಟೆಗೆ ಹತ್ತಿದ ಪುಡಿ. ದೊಡ್ಡಪ್ಪ ಕೂತೇಳುವಾಗ ಪಂಚೆ ಕೊಡವಿ ಏಳುತ್ತಿದ್ದರು. ಕೈ ತೊಳೆದ ನೀರನ್ನು ತೊಟ್ಟಿಯಲ್ಲಿ ತಂಗಿಸುತ್ತಿದ್ದರು. ನಗರ್ತಪೇಟೆಯಲ್ಲಿ ಇಂದಿಗೂ ಕುಲುಮೆಯ ನೆಲ ಗುಡಿಸಿದ ದೂಳಿಗೆ ಬೆಲೆಯಿದೆ, ಅದನ್ನು ಕೊಂಡು ಜಾಲಿಸಿ ಲೋಹ ತೆಗೆಯುವವರಿದ್ದಾರೆ. ಎಷ್ಟು ಹುಷಾರಾದರೂ ಸವಕಳಿ ಪೂರ್ತಿ ಕೈಗೆ ಸಿಗದು. ಯಂತ್ರದಲ್ಲಿ ನೂರಾರು ಮೊಳ ಹೆಣೆದ ಸರಕ್ಕೂ ದೊಡ್ಡ ಅಂಗಡಿಗಳು ವೇಸ್ಟೇಜ್ ಹಾಕಿದರೆ ಜನ ಮರುಮಾತಾಡದೆ ಕೊಡುತ್ತಾರೆ. ಕೈಯಲ್ಲಿ ಅರ ಹಾಕಿದವನು ಸವಕಳಿ ಕೇಳಿದರೆ ಗಾದೆ ಹೇಳುತ್ತಾರೆ. ಇದು ನನಗೆ ಇವತ್ತಿಗೂ ನೋಯುತ್ತದೆ.

ಈ ಕಸುಬಿಗೆ ಬಿದ್ದ ಪೆಟ್ಟೂ ಸಣ್ಣದಲ್ಲ. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮ 14 ಕ್ಯಾರೆಟ್‌ಗಿಂತ ಮೇಲಿನ ಚಿನ್ನದಲ್ಲಿ ಒಡವೆ ಮಾಡುವುದನ್ನೇ ತಡೆಯಿತು. ದೇಶದುದ್ದಕ್ಕೂ ಅಕ್ಕಸಾಲಿಗರ ಮನೆಯ ಒಲೆ ಆರಿತು, ಜೀವ ಕಳೆದುಕೊಂಡವರೂ ಇದ್ದರು. ಆಮೇಲೆ 1968ರ ಕಾಯ್ದೆ; ಅದು ರದ್ದಾದದ್ದು 1990ರಲ್ಲಿ. ಅಷ್ಟರಲ್ಲಿ ಎರಡು ತಲೆಮಾರು ಕಸುಬು ಬಿಟ್ಟಿತ್ತು. ನಾನು ಮೇಷ್ಟರಾದದ್ದೂ ಆ ಬಿಟ್ಟವರ ಸಾಲಿನಲ್ಲೇ.

ತಪ್ಪು ಕಲ್ಪನೆ: "ಹಳೇ ಸಾಮಾನೆಲ್ಲ ಗುಜರಿಗೆ ಹಾಕು, ಹೊಸ್ದು ತಗೊ."

ಪಟ್ಟಿಯ ಕೊನೆಯ ಸಾಲು ಇದು. ಹೊಸ ಕಂಬಚ್ಚು ಕೊಳ್ಳಲು ಅಂಗಡಿಯಲ್ಲಿ ದುಡ್ಡು ತೆಗೆದಿದ್ದಳು. ಊರಿನದನ್ನು ನೋಡಿ ಆಮೇಲೆ ಕೊಳ್ಳೋಣ ಎಂದು ತಡೆದೆ. ಕಂಬಚ್ಚು ಎಂದರೆ ಉಕ್ಕಿನ ದಪ್ಪ ತಗಡು, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂತುಗಳು. ತಂತಿಯ ತುದಿ ಚೂಪು ಮಾಡಿ, ಜೇನುಮೇಣ ಸವರಿ, ಒಂದೊಂದೇ ತೂತಿನಲ್ಲಿ ಎಳೆದು ಸಣ್ಣ ಮಾಡುವುದು. ಒಳ್ಳೆಯ ಉಕ್ಕಾದರೆ ಮೂರು ತಲೆಮಾರು ಬಾಳುತ್ತದೆ. ತೂತಿನ ಬಾಯಿ ಸವೆದಿದೆಯೋ ಎಂದು ತಿಳಿಯಲು ಬೆಳ್ಳಿ ಹಾಕಬೇಕಾಗಿಲ್ಲ, ತಾಮ್ರದ ತಂತಿ ಎಳೆದು ಭೂತಕನ್ನಡಿಯಲ್ಲಿ ನೋಡಿದರೆ ಸಾಕು. ಉದ್ದಕ್ಕೆ ಗೀರು ಬಿದ್ದರೆ ಆ ತೂತು ಹೋಯಿತು.

ಮಾರನೆಯ ಸಂಜೆ ದೊಡ್ಡಪ್ಪನ ಕಂಬಚ್ಚನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತುಕ್ಕು ತೆಗೆದು, ಜಗಲಿಯ ಕಂಬಕ್ಕೆ ಬಿಗಿದಳು. ನಾಲ್ಕು ತೂತು ಆಗುತ್ತಲೇ ತಂತಿ ಬಿರುಸಾಯಿತು. ಕಾಸಿ ಮೆತ್ತಗೆ ಮಾಡಿ ಮತ್ತೆ ಎಳೆದಳು. ಎರಡು ತೂತಿನಲ್ಲಿ ಗೀರು ಬಂತು, ಅವುಗಳ ಪಕ್ಕ ಸುಣ್ಣದಲ್ಲಿ ಗುರುತು ಹಾಕಿದಳು. ಉಳಿದವುಗಳಲ್ಲಿ ಹೊರಬಂದ ತಾಮ್ರದ ಎಳೆ ಹೊಸ ಭೂತಕನ್ನಡಿಯಡಿ ಕನ್ನಡಿಯಂತೆ ನುಣುಪಾಗಿತ್ತು.